ಗ್ರೆಗರ್ ಮೆಂಡೆಲನ ಜೀವನ

ಮನೆಯಲ್ಲಿ ಶಿಶು ಜನಿಸಿತೆಂದರೆ ನಮ್ಮ ಶಿಕಾರಿಪುರ, ಸೊರಬ ಸೀಮೆಗಳ ಹಿರಿಯರು ಅದರ ಮೂಗು ಅಜ್ಜನದೆಂದೂ ಕಣ್ಣು ಅಜ್ಜಿಯದೆಂದೂ ನಿಶ್ಚಯಿಸಿಬಿಡುವರು. ತಂದೆತಾಯಿಗಳಲ್ಲಿ ತೋರದ ಲಕ್ಷಣವು ಮೊಮ್ಮಕ್ಕಳಲ್ಲಿ ಮೂಡುವುದು ಹೇಗೆ? ಇದಕ್ಕೆ ಲೆಕ್ಕವಿಟ್ಟು ಉತ್ತರ ಹುಡುಕಿದವನು ಗ್ರೆಗರ್ ಮೆಂಡೆಲನು.

ಈತನು 1822ರ ಜುಲೈ ತಿಂಗಳಲ್ಲಿ, ಈಗ ಚೆಕ್ ದೇಶಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ, ರೈತನ ಮಗನಾಗಿ ಹುಟ್ಟಿದನು. ಯೋಹಾನನೆಂಬುದು ಆಗಿನ ಹೆಸರು. ಮರದ ದಿಮ್ಮಿಯಿಂದ ಪೆಟ್ಟುತಿಂದು ತಂದೆಯು ದುಡಿಯಲಾರದವನಾದ ಮೇಲೆ ಹುಡುಗನ ಓದು ನಿಲ್ಲುವಂತಾಯಿತು. ಆಗ ತಂಗಿ ತೆರೇಸಿಯಳು ತನ್ನ ವಿವಾಹಕ್ಕೆಂದು ಮೀಸಲಾಗಿದ್ದ ಹಣದ ಒಂದು ಭಾಗವನ್ನು ಅಣ್ಣನಿಗೆ ಕೊಟ್ಟಳು. ಗ್ರಂಥಕರ್ತರು ಈಕೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವರು. ಅದು ಸಾಲದೆಂದು ನಮಗೆ ತೋರುತ್ತದೆ.

1843ರಲ್ಲಿ ಮೆಂಡೆಲನು ಬ್ರನೋ ನಗರದ ಮಠವನ್ನು ಸೇರಿ ಗ್ರೆಗರ್ ಎಂಬ ಹೆಸರನ್ನು ಪಡೆದನು. ಪಾಠ ಹೇಳುವುದು ಅವನಿಗೆ ಪ್ರಿಯವಾಗಿದ್ದರೂ ಉಪಾಧ್ಯಾಯರ ಪರೀಕ್ಷೆಯಲ್ಲಿ 1850ರಲ್ಲಿ ಅನುತ್ತೀರ್ಣನಾದನು. ವಿಯೆನ್ನಾದಲ್ಲಿ ವ್ಯಾಸಂಗಮಾಡಿ ಬಂದು 1856ರಲ್ಲಿ ಮತ್ತೆ ಕುಳಿತಾಗಲೂ ಜಯ ದೊರೆಯಲಿಲ್ಲ.

ಅದೇ ವರ್ಷ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗವು ಆರಂಭವಾಯಿತು. ಎಂಟು ವರ್ಷಗಳಲ್ಲಿ ಸುಮಾರು 28,000 ಗಿಡಗಳನ್ನು ಬೆಳೆಸಿ ನೋಡಿದನು. ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಲು, ಮೊದಲ ಪೀಳಿಗೆಯ ಕಾಳೆಲ್ಲವೂ ದುಂಡಾದುವು. ಅವನ್ನು ಬಿತ್ತಿ ಬೆಳೆದಾಗ 5,474 ದುಂಡು ಕಾಳುಗಳೂ 1,850 ಸುಕ್ಕು ಕಾಳುಗಳೂ ದೊರೆತುವು, ಹೆಚ್ಚುಕಡಮೆ ಮೂರಕ್ಕೊಂದು. ಸುಕ್ಕಿನ ಗುಣವು ಹಾಲಿಗೆ ಬೆರೆತ ನೀರಿನಂತೆ ಕರಗಿಹೋಗಿರಲಿಲ್ಲ, ಮರೆಯಾಗಿತ್ತು ಅಷ್ಟೆ. ಪ್ರತಿಯೊಂದು ಗುಣಕ್ಕೂ ಜೀವಿಯಲ್ಲಿ ಎರಡು ಅಂಶಗಳಿರುವುವು, ಒಂದು ತಂದೆಯಿಂದ ಬಂದುದು, ಒಂದು ತಾಯಿಯಿಂದ ಬಂದುದು. ಸಂತಾನಕ್ಕೆ ಅವುಗಳಲ್ಲೊಂದು ಮಾತ್ರ ಹೋಗುವುದು ಎಂದು ಅವನು ತರ್ಕಿಸಿದನು. ನಮ್ಮ ಗದ್ದೆಗಳ ಭತ್ತದಲ್ಲಿಯೂ ಇದೇ ರೀತಿ: ಕೆಂಪಕ್ಕಿಯ ತಳಿಯು ಬಿಳಿಯಕ್ಕಿಯದರೊಡನೆ ಕೂಡಿದರೆ ಮೊದಲು ಕೆಂಪೇ ಮೇಲಾಗುವುದು.

1865ರಲ್ಲಿ ಈ ಫಲಿತಾಂಶವನ್ನು ಸಭೆಯಲ್ಲಿ ಓದಿ ಮರುವರ್ಷ ಅಚ್ಚುಮಾಡಿಸಿದನು. ಅದರ ಬೆಲೆಯನ್ನು ಅರಿತವರಿಲ್ಲ. 1868ರಲ್ಲಿ ಮಠಾಧಿಪತಿಯಾದ ಬಳಿಕ ತೆರಿಗೆಯ ವ್ಯಾಜ್ಯವು ಅವನ ಕಾಲವನ್ನು ನುಂಗಿತು. ತಂಗಿಯ ಋಣವನ್ನು ಮಾತ್ರ ಮರೆಯದೆ ಅವಳ ಮಕ್ಕಳನ್ನು ಓದಿಸಿದನು. ಅವರಲ್ಲಿ ಇಬ್ಬರು ವೈದ್ಯರಾದರು. 1884ರ ಜನವರಿ 6ರಂದು ಮೆಂಡೆಲನು ತೀರಿಕೊಂಡನು. 1900ರಲ್ಲಿ ಯೂರೋಪಿನ ಸಸ್ಯಶಾಸ್ತ್ರಜ್ಞರು ಅದೇ ನಿಯಮವನ್ನು ಕಂಡು, ಅವನ ಹಳೆಯ ಲೇಖನವನ್ನು ಬೆಳಕಿಗೆ ತಂದರು.

ಆ ನಿಯಮವು ನಮ್ಮ ನೆರೆಗೂ ಬಂದಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ, ಕೀಲುಗಳು ಕೆಟ್ಟು ಜನರು ನಡೆಯಲಾರದಂತಾಗುವ ವ್ಯಾಧಿಯೊಂದು ಬೆಳಕಿಗೆ ಬಂದಿತು. ಗದ್ದೆಯ ಏಡಿಗಳಲ್ಲಿ ಸೇರಿದ ಕೀಟನಾಶಕವೇ ಕಾರಣವೆಂದು ಮೊದಲು ಸಂಶಯಪಟ್ಟರು. ಕುಟುಂಬಗಳ ವಂಶಾವಳಿಗಳನ್ನು ಪರಿಶೀಲಿಸಿದ ಮೇಲೆ ಅದು ಮೆಂಡೆಲನ ಕ್ರಮದಂತೆ, ದುಂಡು ಕಾಳಿನ ಗುಣದ ಹಾಗೆ ಮೇಲಾಗಿ, ಇಳಿದುಬರುವುದೆಂದು ತಿಳಿಯಿತು. ಮನೆಗೆ ಕಷ್ಟ ಬಂದಾಗ ಸೊಸೆಯ ಕಾಲ್ಗುಣವನ್ನು ಹಳಿಯುವ ಪದ್ಧತಿ ನಮ್ಮಲ್ಲುಂಟಷ್ಟೆ. ಈ ವ್ಯಾಧಿಯ ಅಂಶವಾದರೋ ತಂದೆಯಿಂದ ಬಂದಷ್ಟೇ ಸುಲಭವಾಗಿ ತಾಯಿಯಿಂದಲೂ ಬರುವುದು, ಗಂಡುಮಗುವಿಗೂ ಹೆಣ್ಣುಮಗುವಿಗೂ ಸಮನಾಗಿ ಹೋಗುವುದು.