ಸೂಕ್ಷ್ಮಜೀವಿಗಳ ಜಾಡಿನಲ್ಲಿ ಒಬ್ಬ ಧರ್ಮಗುರು: ಲಾಜರೋ ಸ್ಪಲ್ಲಾಂಜಾನಿ

ಬೇಯಿಸಿದ ಸಾರನ್ನು ಎರಡು ದಿನ ಹಾಗೆಯೇ ಬಿಟ್ಟರೆ ಅದು ಹಳಸುತ್ತದೆ. ಇದು ಪ್ರತಿಯೊಂದು ಅಡುಗೆಮನೆಗೂ ಗೊತ್ತು. ಆದರೆ ಹಳಸಿದ ಸಾರಿನಲ್ಲಿ ಕಿಕ್ಕಿರಿದಿರುವ, ಬರಿಗಣ್ಣಿಗೆ ಕಾಣದ ಜೀವಿಗಳು ಎಲ್ಲಿಂದ ಬಂದವು? ಸಾರಿನಿಂದಲೇ ಹುಟ್ಟಿದವೇ, ಅಥವಾ ಹೊರಗಿನಿಂದ ಬಂದು ಸೇರಿದವೇ? ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಈ ಪ್ರಶ್ನೆಯ ಮೇಲೆ ದೊಡ್ಡ ಜಗಳವೇ ನಡೆಯಿತು. ವಿಶೇಷವೆಂದರೆ ಜಗಳದ ಎರಡೂ ಪಕ್ಷಗಳ ಮುಂದಾಳುಗಳು ಕಥೋಲಿಕ ಧರ್ಮಗುರುಗಳೇ ಆಗಿದ್ದರು.

ಅವರಲ್ಲಿ ಒಬ್ಬರು ಲಾಜರೋ ಸ್ಪಲ್ಲಾಂಜಾನಿ. ಉತ್ತರ ಇಟೆಲಿಯ ಸ್ಕಾಂದಿಯಾನೊ ಎಂಬ ಸಣ್ಣ ಊರಿನಲ್ಲಿ 1729ರ ಜನವರಿಯಲ್ಲಿ ಹುಟ್ಟಿದರು. ತಂದೆ ವಕೀಲರು. ಹದಿನೈದನೆಯ ವಯಸ್ಸಿಗೆ ರೆಜ್ಜೊ ಪಟ್ಟಣದ ಯೇಸುಸಭೆಯವರ ಕಾಲೇಜು ಸೇರಿದರು. ಅಲ್ಲಿನ ಗುರುಗಳು ತಮ್ಮ ಸಭೆಗೆ ಸೇರಲು ಕರೆದರೂ ಅವರು ಒಪ್ಪಲಿಲ್ಲ. ತಂದೆಯಂತೆ ಕಾನೂನು ಓದಲು ಬೊಲೊನ್ಯಾಕ್ಕೆ ಹೋದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರ ಬಂಧು ಲೌರಾ ಬಾಸ್ಸಿ ಭೌತಶಾಸ್ತ್ರ ಕಲಿಸುತ್ತಿದ್ದರು. ಹೆಂಗಸರು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಆಕೆ ಪ್ರಾಧ್ಯಾಪಕಿ. ಆಕೆಯ ಪ್ರಭಾವದಿಂದ ಈ ಯುವಕ ಕಾನೂನನ್ನು ಬಿಟ್ಟು ನಿಸರ್ಗದ ಅಧ್ಯಯನಕ್ಕೆ ಇಳಿದರು. ಮುಂದೆ ಗುರುದೀಕ್ಷೆಯನ್ನೂ ಪಡೆದರು. ರೆಜ್ಜೊ, ಮೊದೆನಾಗಳಲ್ಲಿ ಕಲಿಸಿ, 1769ರಲ್ಲಿ ಪಾವಿಯಾ ವಿಶ್ವವಿದ್ಯಾಲಯ ಸೇರಿ, ಕೊನೆಯವರೆಗೂ ಅಲ್ಲಿಯೇ ಇದ್ದರು.

ಅವರ ಕೆಲಸ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನ ಕತೆ ಬೇಕು. 1670ರ ದಶಕದಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರಗಳಿಂದ ಕೆರೆಯ ನೀರನ್ನು ನೋಡಿ, ಅದರಲ್ಲಿ ಈಜುವ ಜೀವಿಗಳನ್ನು ಕಂಡಿದ್ದರು. ಮಾಂಸದಲ್ಲಿ ಹುಳುಗಳು ತಾವಾಗಿ ಹುಟ್ಟುವುದಿಲ್ಲ, ನೊಣ ಇಟ್ಟ ಮೊಟ್ಟೆಯಿಂದ ಬರುತ್ತವೆ ಎಂದು ಇಟೆಲಿಯ ರೆದಿ 1668ರಲ್ಲೇ ತೋರಿಸಿದ್ದರು. ಹುಳುವಿನ ವಿಷಯ ಹಾಗೆ ಮುಗಿಯಿತು. ಆದರೆ ಇಷ್ಟು ಚಿಕ್ಕ ಜೀವಿಗಳಿಗೂ ತಂದೆತಾಯಿ ಇರಬೇಕೆಂದು ನಂಬುವುದು ಕಷ್ಟವಾಗಿತ್ತು.

1748ರಲ್ಲಿ ಇಂಗ್ಲೆಂಡಿನ ಜಾನ್ ನೀಡಮ್ ಎಂಬ ಧರ್ಮಗುರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇವರು ಸಾಮಾನ್ಯರಲ್ಲ, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಪಡೆದ ಮೊದಲ ಕಥೋಲಿಕ ಗುರು. ಕುರಿಮಾಂಸದ ಬಿಸಿ ಸಾರನ್ನು ಶೀಶೆಗೆ ಹಾಕಿ, ಬಿರಡೆಯಿಂದ ಮುಚ್ಚಿ, ಬಿಸಿ ಬೂದಿಯಲ್ಲಿಟ್ಟು ಕಾಯಿಸಿದರು. ಕೆಲವು ದಿನಗಳ ಬಳಿಕ ನೋಡಿದರೆ ಒಳಗೆಲ್ಲಾ ಜೀವಿಗಳು! ಹಾಗಾದರೆ ವಸ್ತುವಿನಲ್ಲೇ ಜೀವವನ್ನು ಹುಟ್ಟಿಸುವ ಒಂದು ಶಕ್ತಿಯಿದೆ ಎಂದು ಅವರು ತೀರ್ಮಾನಿಸಿದರು.

ಸ್ಪಲ್ಲಾಂಜಾನಿಗೆ ಎರಡು ಅನುಮಾನ ಬಂತು. ಕಾಯಿಸಿದ್ದು ಸಾಕಾಗಿತ್ತೇ? ಬಿರಡೆಯ ಸಂದಿನಿಂದ ಗಾಳಿಯ ಜೊತೆ ಏನಾದರೂ ಒಳಗೆ ಹೋಯಿತೇ? ಅವರು ಬಿರಡೆಯನ್ನೇ ಕೈಬಿಟ್ಟು, ಶೀಶೆಯ ಕುತ್ತಿಗೆಯ ಗಾಜನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದರು. ಬಳಿಕ ಶೀಶೆಗಳನ್ನು ಬೇರೆ ಬೇರೆ ಅವಧಿಗೆ ಕುದಿಸಿದರು. 1765ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕುದಿಸಿ, ಗಾಜಿನಿಂದಲೇ ಮುಚ್ಚಿದ ಶೀಶೆಯಲ್ಲಿ ಏನೂ ಹುಟ್ಟಲಿಲ್ಲ.

ಈ ಕೆಲಸದಲ್ಲಿ ಅವರು ಇನ್ನೊಂದು ಮುಖ್ಯ ಸಂಗತಿಯನ್ನು ಗಮನಿಸಿದರು. ಸ್ವಲ್ಪ ದೊಡ್ಡ ಜೀವಿಗಳು ಅರ್ಧ ನಿಮಿಷ ಕುದಿಸಿದರೂ ಸಾಯುತ್ತಿದ್ದವು. ಅತಿ ಚಿಕ್ಕವು ಅರ್ಧ ಗಂಟೆ ಕುದಿಸಿದರೂ ಉಳಿಯುತ್ತಿದ್ದವು. ಆದ್ದರಿಂದ ಅವರು ಮೇಲಿನ ವರ್ಗ, ಕೆಳಗಿನ ವರ್ಗ ಎಂದು ವಿಂಗಡಿಸಿದರು. ಇಂದಿನ ಲೆಕ್ಕದಲ್ಲಿ ಮೇಲಿನವು ಬಹುಮಟ್ಟಿಗೆ ಪ್ರೋಟೋಜೋವಾ, ಅಂದರೆ ಕೋಶಕೇಂದ್ರವಿರುವ ಏಕಕೋಶ ಜೀವಿಗಳು. ಕೆಳಗಿನವು ಬ್ಯಾಕ್ಟೀರಿಯಾ. ಇವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದ ಒಂದೆರಡು ಭಾಗದಷ್ಟು ಉದ್ದ. ಹೊರಗೆ ಗಟ್ಟಿ ಕೋಶಭಿತ್ತಿ, ಅದರೊಳಗೆ ತೆಳು ಪೊರೆ, ಪ್ರತ್ಯೇಕ ಕೋಶಕೇಂದ್ರ ಇಲ್ಲ. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ತಮ್ಮೊಳಗೆ ದಪ್ಪ ಕವಚದ ಸ್ಪೋರ್ ಮಾಡಿಕೊಂಡು ಕುದಿಯುವ ನೀರನ್ನೂ ತಾಳಿಕೊಳ್ಳುತ್ತವೆ. ಇದನ್ನು ಜರ್ಮನಿಯ ಕೋನ್ ವಿವರಿಸಿದ್ದು 1876ರಲ್ಲಿ. ಆಸ್ಪತ್ರೆಯ ಉಪಕರಣಗಳನ್ನು ಬರೀ ಕುದಿಸದೆ, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವುದು ಈ ಸ್ಪೋರುಗಳಿಗಾಗಿಯೇ.

ನೀಡಮ್ ಸುಮ್ಮನಿರಲಿಲ್ಲ. ಅಷ್ಟು ಹೊತ್ತು ಕುದಿಸಿ ಜೀವಶಕ್ತಿಯನ್ನೇ ಕೊಂದಿದ್ದೀರಿ, ಶೀಶೆಯ ಗಾಳಿಯನ್ನೂ ಕೆಡಿಸಿದ್ದೀರಿ ಎಂದು 1769ರಲ್ಲಿ ಆಕ್ಷೇಪಿಸಿದರು. ಸ್ಪಲ್ಲಾಂಜಾನಿ ವಾದಕ್ಕೆ ವಾದ ಹೂಡದೆ ಮತ್ತೆ ಒಲೆ ಹಚ್ಚಿದರು. ಕಾಳುಗಳನ್ನು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಕುದಿಸಿ, ಈ ಸಲ ಬಾಯಿಯನ್ನು ಸಡಿಲವಾಗಿ ಮುಚ್ಚಿದರು. ಎಲ್ಲದರಲ್ಲೂ ಜೀವಿಗಳು ಕಾಣಿಸಿಕೊಂಡವು. ಕಾಫಿ ಬೀಜದಂತೆ ಹುರಿದ ಕಾಳಿನ ನೀರಿನಲ್ಲಿಯೂ ಬಂದವು. ಶಾಖ ಆ ಶಕ್ತಿಯನ್ನು ಕೊಲ್ಲುವುದಾದರೆ ಇವು ಬಂದದ್ದು ಹೇಗೆ? 1776ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಗಾಳಿಯ ಕುರಿತ ಆಕ್ಷೇಪಕ್ಕೆ ಮಾತ್ರ ಪೂರ್ಣ ಉತ್ತರ ಅವರ ಜೀವಿತದಲ್ಲಿ ದೊರೆಯಲಿಲ್ಲ.

ಇದನ್ನು ವಿಶ್ವಾಸ ಮತ್ತು ವಿಜ್ಞಾನದ ಜಗಳವೆಂದು ತಿಳಿದರೆ ತಪ್ಪಾಗುತ್ತದೆ. ನೀಡಮ್ ದೃಢ ವಿಶ್ವಾಸಿ. ಆದರೂ ಅವರ ಪ್ರಯೋಗವನ್ನು ದೇವರನ್ನು ಒಪ್ಪದವರು ತಮ್ಮ ವಾದಕ್ಕೆ ಎತ್ತಿಕೊಂಡರು. ಧರ್ಮಸಭೆಯ ಕಟು ಟೀಕಾಕಾರ ವೋಲ್ಟೇರ್ ಈ ಪ್ರಶ್ನೆಯಲ್ಲಿ ಸ್ಪಲ್ಲಾಂಜಾನಿಯ ಕಡೆ ನಿಂತು, ನೀಡಮ್‌ರನ್ನು ಯೇಸುಸಭೆಯ ಐರಿಶ್ ಗುರುವೆಂದು ಹಂಗಿಸಿದ. ನೀಡಮ್ ಐರಿಶರೂ ಅಲ್ಲ, ಯೇಸುಸಭೆಯವರೂ ಅಲ್ಲ!

ಸೂಕ್ಷ್ಮಜೀವಿಗಳು ಎರಡಾಗಿ ಸೀಳಿ ಹೆಚ್ಚುತ್ತವೆ ಎಂದು ಜಿನೀವಾದ ಸೊಸ್ಯೂರ್ ಕಂಡಿದ್ದರು. ಇಲ್ಲ, ಒಂದಕ್ಕೊಂದು ಡಿಕ್ಕಿ ಹೊಡೆದು ತುಂಡಾಗುತ್ತವೆ ಎಂದು ಇಂಗ್ಲೆಂಡಿನ ಎಲ್ಲಿಸ್ ಹೇಳಿದರು. ಸ್ಪಲ್ಲಾಂಜಾನಿ ಒಂದು ಹನಿ ನೀರಿನಲ್ಲಿ ಒಂದೇ ಒಂದು ಜೀವಿಯನ್ನು ಬೇರ್ಪಡಿಸಿ, ಮಸೂರಕ್ಕೆ ಕಣ್ಣಿಟ್ಟು ಕಾದರು. ಡಿಕ್ಕಿ ಹೊಡೆಯಲು ಅಲ್ಲಿ ಇನ್ನೊಂದಿರಲಿಲ್ಲ. ಆದರೂ ಅದು ನಡುವೆ ಸಣ್ಣಗಾಗಿ ಎರಡಾಯಿತು. ಇಡೀ ಜಗಳದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಯೋಗ ಇದೇ.

ಅವರು ತಪ್ಪೇ ಮಾಡದವರಲ್ಲ. ಹೆಣ್ಣು ನಾಯಿಗೆ ಕೃತಕವಾಗಿ ಗರ್ಭಧಾರಣೆ ಮಾಡಿಸಿ ಮೂರು ಮರಿ ಪಡೆದರೂ, ಜೀವಿಯ ರೂಪವೆಲ್ಲ ತಾಯಿಯ ಅಂಡದಲ್ಲೇ ಮೊದಲೇ ಇರುತ್ತದೆಂಬ ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಜೀರ್ಣಕ್ರಿಯೆ ತಿಳಿಯಲು ಆಹಾರ ತುಂಬಿದ ಬಟ್ಟೆಯ ಪುಟ್ಟ ಚೀಲಗಳನ್ನು ತಾವೇ ನುಂಗಿದರು. 1785ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟು ದೂರವಿದ್ದಾಗ, ಅವರು ಮ್ಯೂಸಿಯಮ್ಮಿನ ವಸ್ತುಗಳನ್ನು ಕದ್ದಿದ್ದಾರೆಂದು ಸಹೋದ್ಯೋಗಿಗಳೇ ದೂರಿತ್ತರು. ವಿಚಾರಣೆಯಲ್ಲಿ ಅವರು ನಿರ್ದೋಷಿಯೆಂದು ತೀರ್ಮಾನವಾಯಿತು. 1799ರ ಫೆಬ್ರವರಿಯಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಪಾವಿಯಾದಲ್ಲಿ ತೀರಿಕೊಂಡರು.

ಕಾಯಿಸಿ ಭದ್ರವಾಗಿ ಮುಚ್ಚುವ ವಿಧಾನದಿಂದ ಆಹಾರವನ್ನು ತಿಂಗಳುಗಟ್ಟಲೆ ಇಡಬಹುದೆಂದು ಫ್ರಾನ್ಸಿನ ಅಪೇರ್ 1810ರಲ್ಲಿ ಪ್ರಕಟಿಸಿದರು. ಗಾಳಿಯ ಪ್ರಶ್ನೆ ಮಾತ್ರ ಉಳಿದೇ ಇತ್ತು. 1860ರ ಸುಮಾರಿಗೆ ಲೂಯಿ ಪಾಶ್ಚರ್ ಶೀಶೆಯ ಕುತ್ತಿಗೆಯನ್ನು ಹಂಸದ ಕೊರಳಿನಂತೆ ಉದ್ದಕ್ಕೆ ಎಳೆದು ಬಗ್ಗಿಸಿ, ತುದಿಯನ್ನು ತೆರೆದೇ ಬಿಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಮಾತ್ರ ಬಾಗಿದಲ್ಲೇ ನಿಲ್ಲುತ್ತಿತ್ತು. ಕುದಿಸಿದ ದ್ರವ ತಿಳಿಯಾಗಿಯೇ ಉಳಿಯಿತು. ಶೀಶೆಯನ್ನು ಓರೆಮಾಡಿ ದ್ರವ ಆ ಧೂಳಿಗೆ ತಾಗುವಂತೆ ಮಾಡಿದಾಗ ಕೆಲವೇ ದಿನಗಳಲ್ಲಿ ಅದು ಕದಡಿತು.