ಎತ್ತಿನ ಗಾಡಿಯಲ್ಲಿ ಹೋದ ಸಿನಿಮಾ

ದಾದಾಸಾಹೇಬ್ ಫಾಲ್ಕೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪ್ರಶಸ್ತಿ. ಡಾ. ರಾಜ್‌ಕುಮಾರ್ ಅವರಿಗೆ ಬಂದ ಪ್ರಶಸ್ತಿ, ಮೈಸೂರಿನಿಂದ ಮುಂಬೈಗೆ ಹೋಗಿ ಹೆಸರು ಮಾಡಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೆ ಬಂದ ಪ್ರಶಸ್ತಿ. ಆ ಹೆಸರಿನ ಹಿಂದಿನ ಮನುಷ್ಯನ ಬಗ್ಗೆ ಕೇಳಿದರೆ, ಭಾರತದ ಮೊದಲ ಕಥಾಚಿತ್ರ ತೆಗೆದವರು ಎಂಬಲ್ಲಿಗೆ ಮಾತು ಮುಗಿಯುತ್ತದೆ. ತೆಗೆದ ಸಿನಿಮಾವನ್ನು ಅವರು ಜನರ ಮುಂದೆ ಹೇಗೆ ಇಟ್ಟರು ಎಂದು ಕೇಳುವವರು ಕಡಿಮೆ.

ನಾನು ಕೇಳಿದ್ದು ನನ್ನದೇ ಗರಜಿಗೆ. ಪುಣೆಯ ನಾವು ನಾಲ್ವರು ಕನ್ನಡಿಗರು, ಎಲ್ಲರೂ ಸಾಫ್ಟ್‌ವೇರ್‌ನವರೇ, ಶನಿವಾರ ಭಾನುವಾರಗಳನ್ನು ಕೂಡಿಸಿ 14 ನಿಮಿಷದ ಒಂದು ಕಿರುಚಿತ್ರ ಮಾಡಿದ್ದೆವು. ಶೂಟಿಂಗ್, ಎಡಿಟಿಂಗ್ ಎಲ್ಲ ಆರು ತಿಂಗಳಲ್ಲಿ ಮುಗಿಯಿತು. ಅದನ್ನು ಯಾರಿಗೆ, ಎಲ್ಲಿ ತೋರಿಸುವುದು ಎಂಬುದು ಮಾತ್ರ ಬಗೆಹರಿಯಲಿಲ್ಲ. ಚಿತ್ರಮಂದಿರಗಳಿಗೆ ಕಿರುಚಿತ್ರ ಬೇಡ. ಚಿತ್ರೋತ್ಸವಗಳಿಗೆ ಪ್ರವೇಶ ಶುಲ್ಕ ಕಟ್ಟುತ್ತಲೇ ಇರಬೇಕು. ಆ ದಿನಗಳಲ್ಲೇ ನಾನು ಫಾಲ್ಕೆಯವರ ಜೀವನವನ್ನು ಓದಲು ಹಿಡಿದದ್ದು.

ಧುಂಡಿರಾಜ್ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲೂ ಬರೋಡದ ಕಲಾಭವನದಲ್ಲೂ ಕಲಿತರು. ಗೋಧ್ರಾದಲ್ಲಿ ಫೋಟೊ ಸ್ಟುಡಿಯೊ ಇಟ್ಟರು. ಪ್ಲೇಗಿನಲ್ಲಿ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡರು. ಆಮೇಲೆ ಪುರಾತತ್ವ ಇಲಾಖೆಯಲ್ಲಿ ನೌಕರಿ, ಲೋನಾವಳಾದ ಬಳಿ ರವಿವರ್ಮ ಮುದ್ರಣಾಲಯದಲ್ಲಿ ಕೆಲಸ, ನಂತರ ಸ್ವಂತ ಮುದ್ರಣ ವ್ಯವಹಾರ. ಇದರ ನಡುವೆ ಜಾದೂವನ್ನೂ ಕಲಿತಿದ್ದರು. ಪಾಲುದಾರರೊಂದಿಗೆ ಮನಸ್ತಾಪವಾಗಿ ಮುದ್ರಣ ಬಿಟ್ಟಾಗ ವಯಸ್ಸು ನಲವತ್ತು.

1911ರಲ್ಲಿ ಮುಂಬೈಯ ಗಿರಗಾಂವ್‌ನ ಡೇರೆಯೊಂದರಲ್ಲಿ ಏಸುವಿನ ಜೀವನದ ಚಿತ್ರ ನೋಡಿದರು. ಹಾಗೆಯೇ ರಾಮ ಕೃಷ್ಣರನ್ನೂ ತೆರೆಯ ಮೇಲೆ ತರಬೇಕೆಂಬ ಹಟ ಅಲ್ಲಿ ಹುಟ್ಟಿತು. ಜೀವವಿಮೆ ಪಾಲಿಸಿ ಅಡವಿಟ್ಟು 1912ರ ಫೆಬ್ರುವರಿಯಲ್ಲಿ ಲಂಡನ್ನಿಗೆ ಹೋದರು. ನಿರ್ಮಾಪಕ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೊದಲ್ಲಿ ಕೆಲಸ ನೋಡಿಕೊಂಡು, ವಿಲಿಯಮ್ಸನ್ ಕ್ಯಾಮೆರಾ ಕೊಂಡು ಮರಳಿದರು.

ಕ್ಯಾಮೆರಾ ಬಂತು, ಬಂಡವಾಳ ಇರಲಿಲ್ಲ. ಆಗ ಅವರು ಮಾಡಿದ್ದು ಒಂದು ಕಿರುಚಿತ್ರ. ಕುಂಡದಲ್ಲಿ ಬಟಾಣಿ ಬಿತ್ತಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಒಂದು ತಿಂಗಳಿಗೂ ಮೇಲೆ ಗಿಡ ಬೆಳೆಯುವುದನ್ನು ಸ್ವಲ್ಪ ಸ್ವಲ್ಪವಾಗಿ ಸೆರೆಹಿಡಿದರು. ತೆರೆಯ ಮೇಲೆ ಅದು ಸುಮಾರು ಒಂದು ನಿಮಿಷ. ಹೆಸರು ‘ಅಂಕುರಾಚಿ ವಾಢ್’, ಅಂದರೆ ಮೊಳಕೆಯ ಬೆಳವಣಿಗೆ. ಅದನ್ನು ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸಲಿಲ್ಲ. ಸಾಲ ಕೊಡಬಲ್ಲ ಕೆಲವರನ್ನು ಕರೆದು ತೋರಿಸಿದರು. ಕಣ್ಣೆದುರೇ ಕಾಳು ಗಿಡವಾದದ್ದನ್ನು ಕಂಡವರು ದುಡ್ಡು ಕೊಡಲು ಒಪ್ಪಿದರು. ಆ ಒಂದು ನಿಮಿಷಕ್ಕೆ ಬೇಕಾಗಿದ್ದದ್ದು ಹತ್ತಾರು ಸಾವಿರ ಪ್ರೇಕ್ಷಕರಲ್ಲ, ಸರಿಯಾದ ನಾಲ್ಕೈದು ಜನ. ಅದು ಫಾಲ್ಕೆಗೆ ಗೊತ್ತಿತ್ತು.

ಉಳಿದದ್ದು ಪ್ರಸಿದ್ಧ ಕಥೆ. ಎರಡನೆಯ ಪತ್ನಿ ಸರಸ್ವತಿಬಾಯಿ ಒಡವೆ ಕೊಟ್ಟರು, ಇಡೀ ತಂಡಕ್ಕೆ ಅಡುಗೆ ಮಾಡಿದರು, ರಾತ್ರಿ ಕೂತು ಕಚ್ಚಾ ಫಿಲ್ಮಿಗೆ ತೂತು ಹಾಕಿದರು. ಹೆಂಗಸರು ನಟಿಸಲು ಒಪ್ಪದೆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಯುವಕ ತಾರಾಮತಿಯಾದ. ಸುಮಾರು 3,700 ಅಡಿಯ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಗಿರಗಾಂವ್‌ನ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆ ಕಂಡಿತು.

ಅದು ಅಲ್ಲಿ ಒಂಟಿಯಾಗಿ ಬರಲಿಲ್ಲ ಎಂಬುದು ನನಗೆ ಮುಖ್ಯ. ಅದೇ ಟಿಕೆಟಿಗೆ ನೃತ್ಯ, ಹಾಸ್ಯ ಪ್ರಸಂಗ, ಕಾಲಿನಲ್ಲಿ ವಸ್ತುಗಳನ್ನು ಆಡಿಸುವವನ ಕಸರತ್ತು, ಜೊತೆಗೆ ನಗೆಚಿತ್ರಗಳು. ಹೊಸ ಸರಕನ್ನು ಜನರಿಗೆ ರೂಢಿಯಿದ್ದ ಮನರಂಜನೆಯ ನಡುವೆ ಇಟ್ಟಿದ್ದರು. ಮುಂದೆ ‘ಮೋಹಿನಿ ಭಸ್ಮಾಸುರ’ ಬಂದಾಗ ಅದರೊಟ್ಟಿಗೆ ‘ಪಿಠಾಚೆ ಪಂಜೆ’ ಎಂಬ ಪುಟ್ಟ ಹಾಸ್ಯಚಿತ್ರವನ್ನೂ ಹಚ್ಚಿದರು. ದೊಡ್ಡ ಚಿತ್ರದ ಬೆನ್ನೇರಿ ಸಣ್ಣ ಚಿತ್ರವೂ ಪ್ರೇಕ್ಷಕರನ್ನು ತಲುಪಿತು. ಇದನ್ನು ಓದಿದ ಮೇಲೆ ನಾವೂ ಹಾಗೆಯೇ ಮಾಡಿದೆವು. ಗೆಳೆಯರ ವಸತಿ ಸಮುಚ್ಚಯದ ಸಭಾಂಗಣದಲ್ಲಿ ರಾಜ್ಯೋತ್ಸವದ ಸಂಜೆ, ಮಕ್ಕಳ ಕೋಲಾಟಕ್ಕೂ ಊಟಕ್ಕೂ ನಡುವೆ, ನಮ್ಮ 14 ನಿಮಿಷ. ಸುಮಾರು ಅರವತ್ತು ಜನ ಕೂತು ನೋಡಿದರು. ಯೂಟ್ಯೂಬ್‌ನ ಲೆಕ್ಕದಲ್ಲಿ ಅರವತ್ತು ಏನೂ ಅಲ್ಲ. ಆದರೆ ಅವರಲ್ಲಿ ಒಬ್ಬರೂ ನಡುವೆ ಎದ್ದುಹೋಗಲಿಲ್ಲ.

ಮುಂಬೈಯ ಹೊರಗೆ ಫಾಲ್ಕೆಗೆ ಬೇರೆಯೇ ತೊಡಕು. ಎರಡಾಣೆ ಕೊಟ್ಟರೆ ಆರು ಗಂಟೆ ನಾಟಕ ಸಿಗುವ ಊರುಗಳಲ್ಲಿ, ಒಂದು ಗಂಟೆಯೊಳಗೆ ಮುಗಿಯುವ ಚಿತ್ರಕ್ಕೆ ಮೂರಾಣೆ ಯಾರು ಕೊಡುತ್ತಾರೆ? ಫಾಲ್ಕೆ ಬೆಲೆ ಇಳಿಸಲಿಲ್ಲ, ಜಾಹೀರಾತು ಬದಲಿಸಿದರು. ಐವತ್ತೇಳು ಸಾವಿರ ಫೋಟೊಗಳು, ಎರಡು ಮೈಲಿ ಉದ್ದದ ಚಿತ್ರ, ಇಷ್ಟಕ್ಕೂ ಬರೀ ಮೂರಾಣೆ ಎಂದು ಸಾರಿಸಿದರಂತೆ. ಎಂಜಿನಿಯರ್ ಬುದ್ಧಿ, ನಾನು ಲೆಕ್ಕ ಹಾಕಿ ನೋಡಿದೆ. ಅಡಿಗೆ 16 ಫ್ರೇಮಿನಂತೆ 57,000 ಫೋಟೊ ಎಂದರೆ 3,560 ಅಡಿ. ಆ ಮಾತು ಹೆಚ್ಚುಕಡಿಮೆ ನಿಜ. ಎರಡು ಮೈಲಿ ಮಾತ್ರ ಶುದ್ಧ ಜಾದೂಗಾರನ ಮಾತು. ಉದ್ದ ಮುಕ್ಕಾಲು ಮೈಲಿಯೂ ಇಲ್ಲ.

ಚಿತ್ರಮಂದಿರವೇ ಇಲ್ಲದ ಊರುಗಳಿಗೆ ಪ್ರೊಜೆಕ್ಟರ್, ಪರದೆ, ರೀಲುಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ತಾವೇ ಹೋದರು. ಬರುವಾಗ ಗಾಡಿಯಲ್ಲಿ ಚಿಲ್ಲರೆ ನಾಣ್ಯಗಳ ಭಾರ. 1917ರ ‘ಲಂಕಾ ದಹನ’ದ ಗಳಿಕೆಯನ್ನು ಮದ್ರಾಸಿನಲ್ಲಿ ಪೊಲೀಸ್ ಕಾವಲಿನಲ್ಲಿ ಎತ್ತಿನ ಗಾಡಿಯ ಮೇಲೆ ಸಾಗಿಸಿದರೆಂದು ಈಗಲೂ ಹೇಳುತ್ತಾರೆ. ಚಿತ್ರ ತೆಗೆದವನೇ ಅದನ್ನು ಹೊತ್ತುಕೊಂಡು ಹೋದದ್ದರಿಂದ ಯಾವ ಊರಿನವರು ಎಲ್ಲಿ ನಕ್ಕರು, ಎಲ್ಲಿ ಕೈಮುಗಿದರು ಎಂಬುದು ಅವನಿಗೇ ನೇರವಾಗಿ ತಿಳಿಯುತ್ತಿತ್ತು.

ಇಳಿಮುಖ ಶುರುವಾದದ್ದು ಈ ಯಶಸ್ಸಿನ ನಂತರವೇ. 1914ರಲ್ಲಿ ಲಂಡನ್ನಿನಲ್ಲಿ ಚಿತ್ರಗಳನ್ನು ತೋರಿಸಿ ಮೆಚ್ಚುಗೆ ಪಡೆದು ಬಂದರೂ, ಮಹಾಯುದ್ಧದಿಂದಾಗಿ ಹಣ ಹೂಡುವವರು ಹಿಂದೆ ಸರಿದಿದ್ದರು. ಕೊನೆಗೆ ಮುಂಬೈಯ ಬಂಡವಾಳಗಾರರ ಜೊತೆ ಸೇರಿ ಹಿಂದುಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಕಟ್ಟಿದರು. ದುಡ್ಡು ಅವರದು, ದುಡಿಮೆ ಇವರದು. ಮಗಳು ಮಂದಾಕಿನಿ ಕೃಷ್ಣನಾಗಿ ನಟಿಸಿದ ‘ಕಾಲಿಯ ಮರ್ದನ’ದಂಥ ಚಿತ್ರಗಳು ಗೆದ್ದವು. ಆದರೆ ಖರ್ಚೆಷ್ಟು, ಮುಗಿಸುವುದು ಯಾವಾಗ ಎಂಬ ಜಗಳ ನಿಲ್ಲಲಿಲ್ಲ. ಬೇಸತ್ತು ಕಾಶಿಗೆ ಹೋಗಿ ಕೂತರು, ನಾಟಕ ಬರೆದರು, ಮತ್ತೆ ಮರಳಿದರು. ಹಳೆಯ ಹಿಡಿತ ಮಾತ್ರ ಕೈಗೆ ಬರಲಿಲ್ಲ. ಈ ಭಾಗ ಓದುತ್ತಿದ್ದಾಗ ನನ್ನ ಮೇಜಿನ ಮೇಲೆ ಒಂದು ಕರಾರುಪತ್ರವಿತ್ತು. ಆನ್‌ಲೈನ್ ವೇದಿಕೆಯೊಂದು ನಮ್ಮ ಕಿರುಚಿತ್ರದ ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ, ಹಣವಿಲ್ಲದೆ ಕೇಳಿತ್ತು. ನಾವು ನಾಲ್ವರೂ ಸಹಿ ಹಾಕಲಿಲ್ಲ.

ಅಷ್ಟರಲ್ಲಿ ಮಾತು ಬಂತು. ಮೂಕಿಯಾಗಿ ತೆಗೆದ ‘ಸೇತುಬಂಧನ’ಕ್ಕೆ ಆಮೇಲೆ ಧ್ವನಿ ಸೇರಿಸಬೇಕಾಯಿತು. ಅವರು ತೆಗೆದ ಒಂದೇ ಟಾಕಿ 1937ರ ‘ಗಂಗಾವತರಣ’, ಅದೂ ಕೊಲ್ಹಾಪುರದ ಕಂಪನಿಯೊಂದಕ್ಕಾಗಿ. ಮೂರು ವರ್ಷ ಮೊದಲು ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದೂ ಅದೇ ಊರಿನಲ್ಲಿ. 1944ರ ಫೆಬ್ರುವರಿ 16ರಂದು ಫಾಲ್ಕೆ ನಾಸಿಕ್‌ನಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿ ಶುರುವಾದದ್ದು ಅದಾಗಿ 25 ವರ್ಷಕ್ಕೆ.

ಅವರ ಚಿತ್ರಗಳಲ್ಲಿ ಹೆಚ್ಚಿನವು ಇಂದು ಇಲ್ಲ. ಉಳಿದ ಕೆಲವು ರೀಲುಗಳನ್ನು ಪಿ.ಕೆ. ನಾಯರ್ ಅವರು ನಾಸಿಕ್‌ನ ಫಾಲ್ಕೆ ಕುಟುಂಬದವರಿಂದ ಪಡೆದು, ಇಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಂದರು. ‘ಕಾಲಿಯ ಮರ್ದನ’ ನೋಡಲು ಸಿಗುತ್ತದೆ. ಆರಂಭದಲ್ಲಿ ಪುಟ್ಟ ಮಂದಾಕಿನಿಯ ಮುಖ ನಿಧಾನವಾಗಿ ಕೃಷ್ಣನ ಮುಖವಾಗುತ್ತದೆ. ಕೈಗೆ ಸಿಕ್ಕಾಗ ಮನೆಯ ಮಕ್ಕಳನ್ನು ಕೂರಿಸಿಕೊಂಡು ನೋಡಿ.