ವಿಟ್‌ಬಿಯ ಛಾಯಾಚಿತ್ರಗ್ರಾಹಕ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಎಸ್ಕ್ ನದಿಯು ಕಡಲನ್ನು ಸೇರುವೆಡೆ, ವಿಟ್‌ಬಿ ಎಂಬ ಚಿಕ್ಕ ಬಂದರಿದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಲ್ಲಿಯ ಬೆಸ್ತನು ಎಂತಹ ಉಣ್ಣೆಯಂಗಿಯನ್ನು ತೊಡುತ್ತಿದ್ದನು, ಅವನ ಮಡದಿಯು ತಲೆಯ ಮೇಲೆ ಬುಟ್ಟಿಯನ್ನು ಹೇಗೆ ಹೊರುತ್ತಿದ್ದಳು ಎಂಬುದನ್ನು ನಾವಿಂದು ಕಣ್ಣಾರೆ ಕಾಣಬಲ್ಲೆವು. ಇದು ಫ್ರಾಂಕ್ ಮೆಡೋ ಸಟ್‌ಕ್ಲಿಫ್‌ನಿಂದಾದ ಉಪಕಾರ.

ಈತನು 1853ರಲ್ಲಿ ಲೀಡ್ಸ್ ನಗರದ ಬಳಿಯ ಹೆಡಿಂಗ್ಲಿಯಲ್ಲಿ ಜನಿಸಿದನು. ತಂದೆ ಚಿತ್ರಕಾರ. ಕುಟುಂಬವು ವಿಟ್‌ಬಿಯಲ್ಲಿ ನೆಲಸಿದ ಸ್ವಲ್ಪ ಕಾಲದಲ್ಲಿಯೇ, 1871ರಲ್ಲಿ, ತಂದೆ ತೀರಿಕೊಂಡನು. ಹಿರಿಯ ಮಗನಾದ ಫ್ರಾಂಕನು ಛಾಯಾಚಿತ್ರವನ್ನೇ ಜೀವನೋಪಾಯವಾಗಿ ಹಿಡಿದನು. ದಕ್ಷಿಣದ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಅಂಗಡಿ ತೆರೆದು ಕೈಸುಟ್ಟುಕೊಂಡು ಮರಳಿ ಬಂದನು. ವಿಟ್‌ಬಿಯಲ್ಲಿ ಜೆಟ್ ಎಂಬ ಕಪ್ಪು ಕಲ್ಲಿನಿಂದ ಆಭರಣ ಮಾಡುತ್ತಿದ್ದ ಒಂದು ಪಾಳುಬಿದ್ದ ಕಾರ್ಖಾನೆಯೇ ಅವನ ಸ್ಟುಡಿಯೋ ಆಯಿತು.

ಬೇಸಗೆಯಲ್ಲಿ ವಿಹಾರಕ್ಕೆ ಬರುವ ಧನಿಕರ ಭಾವಚಿತ್ರ ತೆಗೆಯುವುದೇ ಅವನ ಕಸುಬು. ಬೆಳಕು ಚೆನ್ನಾಗಿರುವ ದಿನಗಳೆಲ್ಲ ನಾಲ್ಕು ಗೋಡೆಗಳ ನಡುವೆ ಕಳೆದುಹೋಗುತ್ತಿದ್ದವು. ಬಿಡುವು ದೊರೆತೊಡನೆ ಮರದ ಭಾರವಾದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಗಾಜಿನ ಫಲಕಗಳನ್ನು ಹೊತ್ತು ಬಂದರಿನ ಕಡೆಗೆ ನಡೆಯುವನು. ಬಲೆ ಸರಿಪಡಿಸುವ ಮುದುಕರು, ನೂರಾರು ಗಾಳಗಳಿಗೆ ಚಿಪ್ಪಿನ ಮಾಂಸವನ್ನು ಒಂದೊಂದಾಗಿ ಸಿಕ್ಕಿಸುವ ಹೆಂಗಸರು, ಹೊಲ ಉಳುವ ರೈತರು, ಮಂಜೂ ಹೊಗೆಯೂ ಕವಿದ ದೋಣಿಗಳು ಅವನ ವಸ್ತುಗಳು. ಅಂದಿನ ಕ್ಯಾಮೆರಾ ಬಹಳ ನಿಧಾನ. ಅದರೆದುರು ಕದಲದೆ ನಿಂತೂ ಸಹಜವಾಗಿ ಕಾಣಬೇಕು! ತಮ್ಮೂರಿನವನೆಂಬ ಸಲಿಗೆಯಿಲ್ಲದಿದ್ದರೆ ಆ ದುಡಿಯುವ ಜನ ಅಷ್ಟು ಹೊತ್ತು ನಿಲ್ಲುತ್ತಿದ್ದರೆ?

1886ರಲ್ಲಿ ಬಂದರಿನ ನೀರಿನಲ್ಲಿ ದೋಣಿಯ ಸುತ್ತ ಬೆತ್ತಲೆಯಾಗಿ ಆಡುತ್ತಿದ್ದ ಹುಡುಗರ ಚಿತ್ರವನ್ನು ತೆಗೆದನು. ಶಾಲೆ ತಪ್ಪಿಸಿ ಬಂದ ಹುಡುಗರೆಂದು ಹೇಳುವರು. ‘ನೀರಿಲಿಗಳು’ ಎಂಬರ್ಥದ ಹೆಸರಿನ ಈ ಚಿತ್ರವು ಊರಿನ ಪಾದ್ರಿಗಳನ್ನು ಕೆರಳಿಸಿತು; ಅವನನ್ನು ಬಹಿಷ್ಕರಿಸಿದರೆಂಬುದು ಪ್ರಸಿದ್ಧ ಸಂಗತಿ. ಕೆರೆಕಟ್ಟೆಗಳಲ್ಲಿ ಈಜು ಕಲಿತ ನಮ್ಮ ಹಿರಿಯರಿಗೆ ಇದರಲ್ಲಿ ಪಾಪವೇನೆಂದು ತಿಳಿಯುತ್ತಿರಲಿಲ್ಲ! ಅದೇ ಚಿತ್ರಕ್ಕೆ ಪದಕ ಬಂದಿತು. ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ಯುವರಾಜನು ಅದರ ದೊಡ್ಡ ಪ್ರತಿಯೊಂದನ್ನು ಕೊಂಡನು.

ಅರವತ್ತಕ್ಕೂ ಹೆಚ್ಚು ಪದಕಗಳು ಸಂದವು. ಆದರೂ ಸಟ್‌ಕ್ಲಿಫ್‌ನು ಭಾವಚಿತ್ರದ ಕಸುಬನ್ನು ಬಿಡುವಂತಿರಲಿಲ್ಲ; ಸಂಸಾರ ನಡೆಯಬೇಕಾಗಿತ್ತು. ಗೂಟಕ್ಕೆ ಕಟ್ಟಿದ ಹಸುವಿನಂತೆ ಹಗ್ಗದ ಅಳತೆಯೊಳಗಿನ ಹುಲ್ಲನ್ನೇ ಅವನು ಮೇಯಬೇಕಾಯಿತು. ಅವನ ಒಳ್ಳೆಯ ಚಿತ್ರಗಳೆಲ್ಲ ಆ ಅಳತೆಯೊಳಗಿನವೇ.

1922ರಲ್ಲಿ ಸ್ಟುಡಿಯೋವನ್ನು ಮಾರಿ, ಮರುವರ್ಷ ಊರಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾದನು. 1941ರ ಮೇ 31ರಂದು, ತನ್ನ 87ನೆಯ ವಯಸ್ಸಿನಲ್ಲಿ, ಕಾಲವಾದನು.